ದೊಡ್ಡ ನೀರಿಗೆ ಬಾಗಿನ

ಮದ್ದೂರಿನಿಂದ ಕೊಪ್ಪಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗಾಗಿ ನಾನು ಈ ವಯಸ್ಸಿನಲ್ಲೂ ಜಗಳ ಆಡುತ್ತೇನೆ. ಹೋದ ತಿಂಗಳೂ ಆಡಿದೆ. "ಯಜಮಾನ್ರೇ, ಗಾಳಿ ಎಲ್ರಿಗೂ ಬತ್ತದೆ, ಸುಮ್ಕೆ ಕೂತ್ಕಳಿ" ಎಂದು ಕಂಡಕ್ಟರ್ ನಕ್ಕ. ಅವನಿಗೇನು ಗೊತ್ತು. ನನಗೆ ಬೇಕಾಗಿದ್ದದ್ದು ಗಾಳಿಯಲ್ಲ, ವಾಸನೆ. ಆ ರಸ್ತೆಯಲ್ಲಿ ಈಗ ಆಲೆಮನೆಗಳು ಅಲ್ಲೊಂದು ಇಲ್ಲೊಂದು ಉಳಿದಿವೆ. ಬಸ್ಸು ಅವುಗಳ ಪಕ್ಕ ಹಾಯುವಾಗ ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಘಮ, ಒಲೆಗೆ ತುಂಬಿದ ಒಣ ಸಿಪ್ಪೆಯ ಹೊಗೆ, ಎರಡೂ ಸೇರಿ ಒಂದು ಗಳಿಗೆ ಮೂಗಿಗೆ ಬಡಿಯುತ್ತವೆ. ಬೇರೆಯವರಿಗೆ ಆ ವಾಸನೆಗೆ ಸಂಕ್ರಾಂತಿ ನೆನಪಾಗಬಹುದು. ನನಗೆ ಸಮುದ್ರ ನೆನಪಾಗುತ್ತದೆ. ಹೀಗೆ ಹೇಳಿದರೆ ನನ್ನ ಹೆಂಡತಿಯೇ ನನ್ನನ್ನು ಒಂಥರಾ ನೋಡುತ್ತಾಳೆ.

ಎಪ್ಪತ್ತರ ದಶಕದ ನಡುಭಾಗ. ನಾನು ಮಂಡ್ಯದ ಗುತ್ತಲಿನವನು, ಪುರೋಹಿತರ ಮಗ. ಟ್ರೈನಿಂಗ್ ಮುಗಿಸಿ ಮೊದಲ ಪೋಸ್ಟಿಂಗು ಕೊಪ್ಪದ ಶಾಲೆಗೆ ಬಿತ್ತು. ಅಲ್ಲಿದ್ದದ್ದು ಒಂದೇ ವರ್ಷ, ಆಮೇಲೆ ಮಳವಳ್ಳಿಗೆ ಎತ್ತಿ ಹಾಕಿದರು. ಮೂವತ್ತೈದು ವರ್ಷ ಪಾಠ ಮಾಡಿದವನಿಗೆ ಆ ಒಂದು ವರ್ಷವೇ ಏಕೆ ಹೀಗೆ ಅಂಟಿಕೊಂಡಿದೆ ಎಂದರೆ ಅದಕ್ಕೆ ಪುಟ್ಟಸ್ವಾಮಿ ಕಾರಣ. ಅವರ ಮನೆಯ ಜಗಲಿ ಪಕ್ಕದ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಅವನಿಗೆ ನನ್ನದೇ ವಯಸ್ಸು. ಗದ್ದೆ, ಕಬ್ಬು, ಎರಡು ಎಮ್ಮೆ, ಊರಾಚೆ ಒಂದು ಆಲೆಮನೆ. ಅಷ್ಟೆಲ್ಲ ಇದ್ದೂ ಸಂಜೆಯಾದರೆ ನನ್ನ ಕೋಣೆಗೆ ಬಂದು ಗೋಡೆಯ ಮೇಲಿನ ಭೂಪಟದ ಮುಂದೆ ಕೂತುಬಿಡುತ್ತಿದ್ದ. ಅವನ ಬೆರಳು ಹೋಗುತ್ತಿದ್ದದ್ದು ಯಾವಾಗಲೂ ನೀಲಿ ಬಣ್ಣದ ಕಡೆಗೆ.

"ಮೇಷ್ಟ್ರೇ, ನಮ್ ನಾಲೆ ನೀರೆಲ್ಲಾ ಕೊನೆಗೆ ಇಲ್ಲಿಗೇ ಓಯ್ತದಾ?"

"ಗದ್ದೆ ಕುಡಿದು ಮಿಕ್ಕಿದ್ದು ಶಿಂಷೆಗೆ, ಶಿಂಷೆ ಕಾವೇರಿಗೆ, ಕಾವೇರಿ ಸಮುದ್ರಕ್ಕೆ."

"ಅಂಗಾರೆ ನಾವು ಬುಟ್ಟ ನೀರು ಅಷ್ಟೂ ಅಲ್ಲಿ ಕಾಯ್ತಾ ಕೂತದೆ ಅನ್ನಿ. ಒಂದ್ಸಲ ಓಗಿ ಕಾಲಾಡಿಸ್ಕಂಡು ಬರ್ಬೇಕು ಕಣ್ರೀ."

ಇದನ್ನು ಅವನು ನೂರು ಸಲ ಹೇಳಿದ್ದಾನೆ. ಮೊದಮೊದಲು ನಗು ಬರುತ್ತಿತ್ತು, ಆಮೇಲೆ ರೇಗುತ್ತಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ, ಸುಳ್ಳೇನಲ್ಲ. ಆದರೆ ಪುಟ್ಟಸ್ವಾಮಿಯ ಮೇಲೆ ಅದು ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ.

ಆ ವರ್ಷ ಅವನು ಗಡ್ಡ ಬಿಟ್ಟಿದ್ದ. ಯಾಕೆಂದು ಊರಲ್ಲಿ ಯಾರೂ ಕೇಳುವ ಅಗತ್ಯವಿರಲಿಲ್ಲ. ಹೆಂಡತಿ ಬಸುರಿಯಾದರೆ ಗಂಡ ಕ್ಷೌರ ಮಾಡಿಸಬಾರದು, ಹೆಣಕ್ಕೆ ಹೆಗಲು ಕೊಡಬಾರದು, ಸಮುದ್ರದಲ್ಲಿ ಮೀಯಬಾರದು. ಇವು ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದ ಕಟ್ಟುಗಳು. ಮೂರನೆಯದು ಮಾತ್ರ ಇದ್ದೂ ಇಲ್ಲದ ಹಾಗೆ. ಸಮುದ್ರ ಎಲ್ಲಿ, ಕೊಪ್ಪ ಎಲ್ಲಿ? ಅವನ ಹೆಂಡತಿ ಜಯಮ್ಮನಿಗೆ ಅದು ಮೂರನೆಯ ಬಸಿರು. ಮೊದಲನೆಯದು ಐದನೇ ತಿಂಗಳಲ್ಲಿ ಹೋಗಿತ್ತು. ಎರಡನೆಯದು ದಿನ ತುಂಬಿ ಹುಟ್ಟಿದರೂ ಅಳಲಿಲ್ಲ. ಆ ಮಗುವನ್ನು ಪುಟ್ಟಸ್ವಾಮಿಯೇ ಗದ್ದೆ ಬದುವಿನ ಹೊಂಗೆ ಮರದ ಕೆಳಗೆ ಮಣ್ಣು ಮಾಡಿದ್ದ. ಆ ಮರದ ಕಡೆಗೆ ಅವನು ಎಮ್ಮೆ ಕಟ್ಟುತ್ತಿರಲಿಲ್ಲ.

ಆರನೇ ತಿಂಗಳು ನಡೆಯುತ್ತಿದ್ದಾಗ ಒಂದು ಬೆಳಿಗ್ಗೆ ಜಯಮ್ಮ ನನಗೆ ಕಾಫಿ ಲೋಟ ಇಟ್ಟು, ಒಳಗೆ ಹೋಗದೆ ಬಾಗಿಲ ಹತ್ತಿರವೇ ನಿಂತರು. ಮಾತು ಕಮ್ಮಿಯ ಹೆಂಗಸು.

"ಮೇಷ್ಟ್ರೇ, ನಾನು ಬಾವಿಗೆ ಬಾಗಿನ ಕೊಟ್ಟಾಯ್ತು, ನಾಲೆಗೆ ಕೊಟ್ಟಾಯ್ತು, ಸಿಂಸಾ ಒಳೆಗೂ ಕೊಟ್ಟೆ. ಓದ್ವರ್ಸ ಪಟ್ಣಕ್ಕೋಗಿ ಕಾವೇರಮ್ಮಂಗೂ ಕೊಟ್ ಬಂದೆ. ದೊಡ್ ನೀರು ಒಂದೇ ಉಳ್ಕಂಡದೆ. ಅದಕ್ಕೆ ಕೊಡ್ದೆ ಇದ್ದುದ್ಕೇ ಇಂಗಾಯ್ತಾ ಅದೆ ಅನ್ಸ್ತದೆ."

ಪಟ್ಣ ಎಂದರೆ ಶ್ರೀರಂಗಪಟ್ಟಣ. ನಾನು ಏನೋ ಸಮಾಧಾನ ಹೇಳಹೊರಟೆ. ಅವರು ಕೇಳಲಿಲ್ಲ. "ನೀವು ಅವ್ರ ಜೊತೆ ಓಗ್ಬೇಕು. ಅವ್ರ ಕೈಲೇ ಬುಡುಸ್ಬೇಕು. ನೀರು ಮಾತ್ರ ಅವ್ರ ಮೈಗೆ ಸೋಕ್ಕೂಡ್ದು. ನೋಡ್ಕಳಿ" ಎಂದರು. ಅಷ್ಟು ಹೇಳುವಷ್ಟರಲ್ಲಿ ಅವರ ಕಣ್ಣು ತುಂಬಿತ್ತು. ನಾನು ಹ್ಞೂಂ ಅಂದುಬಿಟ್ಟೆ.

ದಾರಿ ತೋರಿಸಿದವನು ಬೋರೇಗೌಡ. ಸೋಮನಹಳ್ಳಿಯವನು, ಪುಟ್ಟಸ್ವಾಮಿಯ ಬಾಲ್ಯದ ಗೆಳೆಯ, ಮಂಡ್ಯದ ಬೆಲ್ಲದ ಮಂಡಿಯೊಂದರ ಲಾರಿ ಓಡಿಸುತ್ತಿದ್ದ. ಸಂಕ್ರಾಂತಿ ಸುತ್ತಮುತ್ತ ನಮ್ಮ ಅಚ್ಚುಬೆಲ್ಲಕ್ಕೆ ಕೇರಳದಲ್ಲಿ ಒಳ್ಳೆಯ ಗಿರಾಕಿ. ವಾರಕ್ಕೊಮ್ಮೆ ಅವನ ಲಾರಿ ಹುಣಸೂರು, ವಿರಾಜಪೇಟೆ ದಾಟಿ ಘಟ್ಟ ಇಳಿದು ಕಣ್ಣಾನೂರಿಗೆ ಹೋಗುತ್ತಿತ್ತು. ಬೆಳಿಗ್ಗೆ ಬೆಲ್ಲ ಇಳಿಸಿ, ಸಂಜೆ ಬೇರೆ ಮಾಲು ತುಂಬಿಕೊಂಡು ವಾಪಸ್ಸು.

"ಬರ್ರಲಾ, ಒಂದಿನದ ಕೆಲ್ಸ. ಅಲ್ಲಿ ಸಮುದ್ರದ್ ಮ್ಯಾಲೇ ಒಂದ್ ಕ್ವಾಟೆ ಅದೆ" ಎಂದ.

ಹಾಗೆ ಒಂದು ಭಾನುವಾರದ ನಸುಕಿಗೆ ನಾವು ಮೂವರು ಘಟ್ಟದ ಬುಡದಲ್ಲಿದ್ದೆವು. ಲಾರಿಯ ಮುಂಭಾಗದಲ್ಲಿ ನಾನು ನಡುವೆ, ಕಿಟಕಿ ಪಕ್ಕ ಪುಟ್ಟಸ್ವಾಮಿ. ಅವನ ತೊಡೆಯ ಮೇಲೆ ಬಾಗಿನ. ಎರಡು ಹೊಸ ಬಿದಿರಿನ ಮೊರಗಳನ್ನು ಒಂದರ ಮೇಲೊಂದು ಕವುಚಿ ಅರಿಸಿನದ ದಾರದಿಂದ ಬಿಗಿದು ಕಟ್ಟಿದ್ದು. ಒಳಗೆ ಅಕ್ಕಿ, ತೆಂಗಿನಕಾಯಿ, ಹಸಿರು ಬಳೆ, ರವಿಕೆ ಕಣ, ಅರಿಸಿನ ಕುಂಕುಮ, ಅವನದೇ ಆಲೆಮನೆಯ ಎರಡು ಅಚ್ಚು ಬೆಲ್ಲ. ಹೊರಟಾಗಿನಿಂದ ಅವನು ಅದನ್ನು ಕೆಳಗಿಟ್ಟಿರಲಿಲ್ಲ. ಟೀ ಕುಡಿಯಲು ಇಳಿದಾಗಲೂ ಒಂದು ಕೈಯಲ್ಲಿ ಗ್ಲಾಸು, ಒಂದು ಕಂಕುಳಲ್ಲಿ ಮೊರ. ಬೋರೇಗೌಡ ಸುಮ್ಮನಿರುವ ಜಾತಿಯಲ್ಲ. "ಹೆತ್ತ ಮೇಲೆ ಕೂಸ್ನಾದ್ರೂ ಇಂಗ್ ಎತ್ಕಂಡೀಯೇನ್ಲಾ?" ಎಂದು ಕಾಲೆಳೆದ. ಪುಟ್ಟಸ್ವಾಮಿ ನಗಲಿಲ್ಲ. "ಎತ್ಕಂಡೇನು ಬುಡು, ಅದೊಂದು ಬರ್ಲಿ" ಎಂದ. 

ಮೊದಲು ಸಮುದ್ರ ಕಂಡವನು ಪುಟ್ಟಸ್ವಾಮಿಯೇ. ತೆಂಗಿನ ಸಾಲಿನ ನಡುವೆ ಹೊಳೆದದ್ದನ್ನು ನಾನು ಮೋಡ ಅಂದುಕೊಂಡಿದ್ದೆ. ಅವನು ನನ್ನ ತೋಳು ಹಿಡಿದು ಅಲುಗಾಡಿಸಿದ. ಗಡ್ಡದೊಳಗಿನ ಆ ಮುಖ ಹತ್ತು ವರ್ಷದ ಹುಡುಗನದಾಗಿತ್ತು. ಈಗಲೂ ನಾನು ಯಾವ ಸಮುದ್ರದ ಮುಂದೆ ನಿಂತರೂ ನೀರು ನೋಡುವ ಮುಂಚೆ ಪಕ್ಕಕ್ಕೆ ತಿರುಗಿ ಆ ಮುಖವನ್ನು ಹುಡುಕುತ್ತೇನೆ. ಅದು ಇರುವುದಿಲ್ಲ.

ಬೋರೇಗೌಡ ಪೇಟೆಯಲ್ಲಿ ಲಾರಿ ನಿಲ್ಲಿಸಿ ಮೂಟೆ ಇಳಿಸಲು ಕೂಲಿಯವರನ್ನು ಹಚ್ಚಿ, ನಮ್ಮನ್ನು ಮರಳ ದಂಡೆಗೆ ಕರೆದುಕೊಂಡು ಹೋದ. ಅವನೂ ನಾನೂ ಬಟ್ಟೆ ಬಿಚ್ಚಿ ನೀರಿಗೆ ಬಿದ್ದೆವು. ನಾಲೆಯಲ್ಲಿ ಈಜು ಕಲಿತವನಿಗೆ ಅಲೆ ಎಂದರೆ ಏನೆಂದು ಗೊತ್ತೇ? ಎರಡು ಸಲ ಮುಳುಗಿ ಎದ್ದು, ಬಾಯಿ ಮೂಗಿಗೆಲ್ಲ ನೀರು ಹೋಗಿ, ನಕ್ಕು ಕೆಮ್ಮಿ ಸುಸ್ತಾದೆ. ದಡದ ಮೇಲೆ, ಒದ್ದೆ ಮರಳಿನಿಂದ ಮಾರು ದೂರದಲ್ಲಿ, ಪುಟ್ಟಸ್ವಾಮಿ ತಲೆಯ ಮೇಲೆ ಬಾಗಿನ ಹೊತ್ತು ನಿಂತಿದ್ದ. ಅಲೆ ಸ್ವಲ್ಪ ಉದ್ದಕ್ಕೆ ಬಂದರೆ ಸಾಕು, ಪಂಚೆ ಎತ್ತಿಕೊಂಡು ಹಿಂದಕ್ಕೆ ಓಡುತ್ತಿದ್ದ. ಅಲೆ ಹಿಂದೆ ಸರಿದರೆ ತಾನೂ ಮುಂದಕ್ಕೆ ಬರುತ್ತಿದ್ದ. ಮೀನು ಒಣಹಾಕುತ್ತಿದ್ದ ಹೆಂಗಸರು ಅವನನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ನಾವೂ ನಕ್ಕೆವು. ಎಷ್ಟು ಆಸೆಯಿಂದ ಅವನು ಆ ನೀರನ್ನು ನೋಡುತ್ತಿದ್ದ ಎಂಬುದು ನನಗೆ ಅರ್ಥವಾದದ್ದು ಬಟ್ಟೆ ಹಾಕಿಕೊಂಡು ಹತ್ತಿರ ಹೋದ ಮೇಲೆ.

"ಎಂಗದೆ ಮೇಷ್ಟ್ರೇ? ತಣ್ಗದಾ, ಬೆಚ್ಗದಾ?"

"ಬೆಚ್ಚಗಿದೆ."

"ನಮ್ ನೀರ್ನಂಗೇ ಅದಾ?"

ಸುಮ್ಮನೆ ಹ್ಞೂಂ ಅನ್ನಬಾರದಿತ್ತೇ? ನಾನು ಮೇಷ್ಟ್ರಲ್ಲವೇ, ನಮ್ಮ ನೀರು ಹೋಗುವುದು ಪೂರ್ವದ ಸಮುದ್ರಕ್ಕೆ, ಇದು ಪಶ್ಚಿಮದ್ದು ಎಂದು ಪಾಠ ಒಪ್ಪಿಸಿದೆ. ಅವನು ಒಂದು ಗಳಿಗೆ ಪೆಚ್ಚಾದ. ಆಮೇಲೆ, "ಇರ್ಲಿ ಬುಡಿ, ಕೆಳ್ಗಡೆಯಿಂದ ಎಲ್ಲಾ ಒಂದೇ ಆಗಿರ್ತವೆ" ಎಂದು ತಾನೇ ಸರಿಮಾಡಿಕೊಂಡ.

ದಂಡೆಯಲ್ಲಿ ಬಾಗಿನ ಬಿಡುವುದು ಆಗದ ಮಾತಾಗಿತ್ತು. ನೀರಿಗಿಳಿಯದೆ ಬಿಟ್ಟರೆ ಅಲೆ ಅದನ್ನು ಮತ್ತೆ ಮರಳಿಗೇ ತಂದು ಎಸೆಯುತ್ತದೆ, ನಾಯಿಗಳು ಬೇರೆ ಕಾದು ನಿಂತಿದ್ದವು. ಆಗ ಉಪಾಯ ಹೇಳಿದವನು ನಾನು. ಕೋಟೆಯ ಗೋಡೆಯ ಬುಡಕ್ಕೇ ಸಮುದ್ರ ಬಡಿಯುತ್ತದಂತೆ, ಮೇಲಿನಿಂದ ಬಿಟ್ಟರೆ ನೇರ ನೀರಿಗೇ ಬೀಳುತ್ತದೆ, ನಿನಗೆ ಹನಿಯೂ ಸೋಕುವುದಿಲ್ಲ. ಪುಟ್ಟಸ್ವಾಮಿಗೆ ಒಪ್ಪಿಗೆಯಾಯಿತು. ಬೋರೇಗೌಡ ಮೂಟೆಗಳ ಲೆಕ್ಕ ನೋಡಲು ಪೇಟೆಗೆ ಓಡಿದ.

ಕೋಟೆ ನಮ್ಮ ಶ್ರೀರಂಗಪಟ್ಟಣದ ಕೋಟೆಯ ಹಾಗಲ್ಲ. ಪಟ್ಟಣದ್ದು ಬೂದು ಕಲ್ಲು, ಸುತ್ತ ಕಾವೇರಿ. ಇದು ಕೆಂಪು ಜಂಬಿಟ್ಟಿಗೆ ಕಲ್ಲಿನದು, ಮೂರು ಕಡೆ ಕಡಲು. ಉಪ್ಪು ಗಾಳಿ ತಿಂದು ತಿಂದು ಗೋಡೆಯ ತುಂಬ ಗುಳಿಗಳು. ಪೋರ್ಚುಗೀಸರು ಕಟ್ಟಿದ್ದು, ಡಚ್ಚರು ಕಿತ್ತುಕೊಂಡದ್ದು, ಆಮೇಲೆ ಇಂಗ್ಲಿಷರು ಬಂದದ್ದು, ನಾನು ಓದಿದ್ದನ್ನೆಲ್ಲ ಫಿರಂಗಿಗಳ ನಡುವೆ ನಡೆಯುತ್ತಾ ಹೇಳಿದೆ. ಪುಟ್ಟಸ್ವಾಮಿ ಹ್ಞೂಂ ಹ್ಞೂಂ ಎನ್ನುತ್ತಾ ಗೋಡೆಯಾಚೆಯ ಶಬ್ದವನ್ನೇ ಕೇಳುತ್ತಿದ್ದ. ಕೊನೆಗೆ ಸಮುದ್ರದ ಕಡೆಯ ಗೋಡೆಯ ಮೇಲೆ ಹತ್ತಿ, ಮೊರಕ್ಕೆ ಹಣೆ ಮುಟ್ಟಿಸಿ, ತುಟಿ ಅಲುಗಿಸುತ್ತಾ ಏನೋ ಹೇಳಿಕೊಂಡು, ಎರಡೂ ಕೈಯಲ್ಲಿ ಬಾಗಿನವನ್ನು ಕೆಳಕ್ಕೆ ಬಿಟ್ಟ.

ಅದು ನೀರಿಗೆ ಬೀಳಲಿಲ್ಲ. ಗೋಡೆಯ ಬುಡದಲ್ಲಿ ಕಪ್ಪು ಬಂಡೆಗಳ ಸಾಲಿತ್ತು. ಎರಡು ಬಂಡೆಗಳ ಸಂದಿಗೆ ಬಿದ್ದು ಮೊರ ಓರೆಯಾಗಿ ಸಿಕ್ಕಿಕೊಂಡಿತು. ಅರಿಸಿನದ ದಾರ ಬಿಚ್ಚಲಿಲ್ಲ ಎನ್ನುವುದೊಂದೇ ಪುಣ್ಯ. ಅಲೆಗಳು ನಾಲ್ಕು ಮಾರು ಆಚೆಯೇ ಒಡೆದು ಹಿಂದಕ್ಕೆ ಹೋಗುತ್ತಿದ್ದವು. ನೋಡುತ್ತಾ ನಿಂತಹಾಗೆ ಇನ್ನೂ ದೂರ ಸರಿದವು.

ಪುಟ್ಟಸ್ವಾಮಿಯ ಮುಖ ಬಿಳಿಚಿಕೊಂಡಿತು. "ಮೇಷ್ಟ್ರೇ, ಆ ತಾಯಿ ಬ್ಯಾಡ ಅಂತಾ ಅವ್ಳೆ" ಎಂದ.

"ನಾನು ಇಳಿದು ನೀರಿಗೆ ತಳ್ಳಿ ಬರ್ತೀನಿ ಇರು" ಎಂದೆ. ಇಳಿಯಲು ಬಂಡೆಗಳ ಕಡೆಯಿಂದ ದಾರಿಯೂ ಇತ್ತು.

ಅವನು ನನ್ನ ರಟ್ಟೆ ಹಿಡಿದ. "ಬ್ಯಾಡಿ. ನಾವೇ ದಬ್ಬುದ್ರೆ ಅದು ಕೊಟ್ಟಂಗಾಯ್ತದಾ? ತಗಳದು ಬುಡದು ಅವ್ಳ್ಗೆ ಸೇರಿದ್ದು." ಕೆಳಗಿನ ಮೊರ ನೋಡುತ್ತಾ, "ಇದ್ನೂ ಬ್ಯಾಡ ಅಂದ್ಬುಟ್ರೆ ಮನೇಲಿರೋಳ್ಗೆ ಏನಂತ ಯೋಳ್ಲಿ?" ಎಂದ. ಗೋಡೆಯ ಮೇಲೆ ಕೂತುಬಿಟ್ಟ.

ನಾನು ಮೂಢನಂಬಿಕೆಯ ವಿರುದ್ಧ ಶಾಲೆಯಲ್ಲಿ ಭಾಷಣ ಮಾಡುತ್ತಿದ್ದವನು. ಆ ಗೋಡೆಯ ಮೇಲೆ ಅದರ ಒಂದಕ್ಷರವೂ ಬಾಯಿಗೆ ಬರಲಿಲ್ಲ. ಹೊಂಗೆ ಮರದ ಕೆಳಗಿನ ಆ ಪುಟ್ಟ ಗುಡ್ಡೆ ಕಣ್ಣ ಮುಂದೆ ಬಂತು. ನಾನೂ ಪಕ್ಕದಲ್ಲಿ ಕೂತೆ.

ಮಧ್ಯಾಹ್ನದ ಹೊತ್ತಿಗೆ ಕಾಗೆಗಳು ಬಂದವು. ಮೊರದ ಸಂದಿಯಿಂದ ಉದುರಿದ ಅಕ್ಕಿ ಅವಕ್ಕೆ ಕಂಡಿತ್ತು. ನಾನು ಜಂಬಿಟ್ಟಿಗೆ ಚೂರುಗಳನ್ನು ಆರಿಸಿ ತಂದು ಗುಡ್ಡೆ ಹಾಕಿಕೊಂಡೆ. ಒಬ್ಬ ಹೊಡೆಯುವುದು, ಒಬ್ಬ ಕೂಗುವುದು. ಭತ್ತದ ಗದ್ದೆ ಕಾಯುವವರ ಹಾಗೆ ಇಬ್ಬರೂ ಗಂಟಲು ಹರಿದುಕೊಂಡೆವು. ನಡುನಡುವೆ ಜಯಮ್ಮ ಕಟ್ಟಿಕೊಟ್ಟಿದ್ದ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದೆವು. ಕೋಟೆ ನೋಡಲು ಬಂದವರು ಸಮುದ್ರ ಬಿಟ್ಟು ನಮ್ಮನ್ನು ನೋಡಿದರು.

ಬೋರೇಗೌಡ ಬಂದಾಗ ಬಿಸಿಲು ಇಳಿದಿತ್ತು. ಮಾಲು ತುಂಬಿಸಿಯಾಗಿತ್ತು, ಕತ್ತಲಾಗುವ ಮುಂಚೆ ಘಟ್ಟದ ಬುಡ ಸೇರಬೇಕಿತ್ತು. "ಲೇ ಪುಟ್ಟ, ಎದ್ದೇಳ್ಲಾ! ಮಂಡಿ ಯಜಮಾನ ನನ್ ಚರ್ಮ ಸುಲೀತಾನೆ ಕಣ್ಲಾ!"

"ನೀವು ಓಗ್ರಲಾ. ನಾನು ಆಮ್ಯಾಕೆ ಬತ್ತೀನಿ."

"ಆಮ್ಯಾಕೆ ಎಂಗ್ಲಾ ಬತ್ತೀಯೆ? ನಡ್ಕಂಡಾ?"

ಪುಟ್ಟಸ್ವಾಮಿ ಕೆಳಗೆ ಬೆರಳು ತೋರಿಸಿದ. ಬೋರೇಗೌಡ ಬಗ್ಗಿ ನೋಡಿದ. ಅವನಿಗೂ ಮನೆಯಲ್ಲಿ ಮೂರು ಮಕ್ಕಳು. ಸೀದಾ ಹೋಗಿ ಕೋಟೆಯ ಕಾವಲುಗಾರ ಮುದುಕನನ್ನು ಕರೆದುಕೊಂಡು ಬಂದ. ವರ್ಷಗಟ್ಟಲೆ ಬೆಲ್ಲ ಹೊತ್ತು ಬೋರೇಗೌಡ ಒಂದಿಷ್ಟು ಮಲಯಾಳ ಕಲಿತಿದ್ದ. ಮುದುಕ ಕೆಳಗಿನ ಮೊರ ನೋಡಿ, ಆಕಾಶ ನೋಡಿ, ಕೈಯನ್ನು ಮೊಣಕಾಲಿಗೆ ಇಟ್ಟ, ಸೊಂಟಕ್ಕೆ ಇಟ್ಟ, ಆಮೇಲೆ ಎದೆಗೆ ಇಟ್ಟ. ಏನೋ ಹೇಳಿ ಹೊರಟುಹೋದ.

"ಸಂಜ್ಗೆ ನೀರು ಬತ್ತದಂತೆ ಕಣ್ಲಾ. ಗ್ವಾಡೆ ತಂಕ ಬತ್ತದಂತೆ" ಎಂದ ಬೋರೇಗೌಡ.

ಪುಟ್ಟಸ್ವಾಮಿ ತಲೆ ಎತ್ತಿದ. "ಯಾರು ಬುಡ್ತಾರಂತೆ?"

"ಯಾರೂ ಬುಡಕ್ಕಿಲ್ಲ. ತಾನೇ ಬತ್ತದಂತೆ."

"ತಾನೇ ಎಂಗ್ಲಾ ಬತ್ತದೆ? ಇದ್ರ ತೂಬು ಯಾರ ಕೈಲದೆ?"

ಯಾರೂ ನಗಲಿಲ್ಲ. ನಾವು ಮೂವರೂ ನಾಲೆಯ ಮಕ್ಕಳು. ನೀರೆಂದರೆ ನಮಗೆ ಯಾರಾದರೂ ತೂಬು ಎತ್ತಿ ಬಿಡಬೇಕಾದದ್ದು. ಸರದಿ ಇರಬೇಕು, ನೀರು ಹಂಚುವ ನೀರಗಂಟಿ ಇರಬೇಕು, ಅವನ ಕೈಕಾಲು ಹಿಡಿಯಬೇಕು. ಸಮುದ್ರಕ್ಕೆ ಉಬ್ಬರ ಇಳಿತ ಇದೆ ಎಂದು ನಾನು ಪುಸ್ತಕದಲ್ಲಿ ಓದಿದ್ದೆ, ಹುಡುಗರಿಗೆ ಬಾಯಿಪಾಠವನ್ನೂ ಮಾಡಿಸಿದ್ದೆ. ಅಂಥವನಿಗೆ ಇಡೀ ಮಧ್ಯಾಹ್ನ ಕಾಗೆ ಓಡಿಸುತ್ತಾ ಕೂತಿದ್ದಾಗ ಅದು ಒಂದು ಸಲವೂ ನೆನಪಾಗಿರಲಿಲ್ಲ. ಮನಸ್ಸು ನಾಲೆಯಲ್ಲೇ ಇತ್ತು.

ಬೋರೇಗೌಡ ತಲೆಗೆ ಸುತ್ತಿದ್ದ ಟವಲ್ಲು ಬಿಚ್ಚಿ ಕೊಡವಿ ಗೋಡೆಯ ಮೇಲೆ ಹಾಸಿ ಕೂತ. "ಸುಲಿದ್ರೆ ಸುಲ್ಕಳ್ಳಿ ಬುಡು" ಎಂದ.

ಆ ಸಂಜೆಯ ಒಂದೆರಡು ಗಂಟೆಯಷ್ಟು ಸುಖ ನನಗೆ ಆಮೇಲೆ ಸಿಕ್ಕಿಲ್ಲ. ಈ ಮಾತನ್ನು ಯಾವ ಸಂಕೋಚವೂ ಇಲ್ಲದೆ ಬರೆಯುತ್ತಿದ್ದೇನೆ. ಕೆಂಪು ಗೋಡೆ ಇನ್ನೂ ಬಿಸಿಯಾಗಿತ್ತು. ಮೂವರೂ ಸಾಲಾಗಿ ಕೂತಿದ್ದೆವು. ಬೋರೇಗೌಡ ತನ್ನ ಮದುವೆಯಲ್ಲಿ ಮಾವನ ಮನೆಯವರು ಎಮ್ಮೆ ಕೊಡುತ್ತೇವೆಂದು ಮೋಸ ಮಾಡಿದ ಕಥೆ ಹೇಳಿದ. ಪುಟ್ಟಸ್ವಾಮಿ ಒಂದು ಕಣ್ಣು ಮೊರದ ಮೇಲಿಟ್ಟೇ ನಕ್ಕ. ಮಗು ಹುಟ್ಟಿದರೆ ಅದನ್ನು ಎತ್ತಿಕೊಂಡು ಇದೇ ಜಾಗಕ್ಕೆ ಬರುತ್ತೇನೆ, ಕುತ್ತಿಗೆವರೆಗೆ ನೀರಿನಲ್ಲಿ ಇಳಿಯುತ್ತೇನೆ, ನೀವಿಬ್ಬರೂ ಬರಬೇಕು ಎಂದ. ಬರುತ್ತೇವೆ ಎಂದು ಇಬ್ಬರೂ ಅವನ ಕೈ ಮೇಲೆ ಕೈ ಇಟ್ಟು ಭಾಷೆ ಕೊಟ್ಟೆವು.

ನೀರು ಬಂತು. ಮೊದಲು ಗೊತ್ತೇ ಆಗಲಿಲ್ಲ. ನಾಲೆಗೆ ನೀರು ಬಿಟ್ಟಾಗ ಕಸಕಡ್ಡಿಯನ್ನು ಮುಂದೆ ತಳ್ಳಿಕೊಂಡು ಬರುವ ಹಾಗೆ ಬಂಡೆಗಳ ಸಂದಿಯಲ್ಲಿ ಒಂದಿಷ್ಟು ನೊರೆ ಹರಿದು ಬಂದು ಹೋಯಿತು. ಮತ್ತೆ ಬಂತು. ಮೊರದ ಅಂಚು ಒದ್ದೆಯಾಯಿತು. ಪುಟ್ಟಸ್ವಾಮಿ ಎದ್ದು ನಿಂತ. ಮುಂದಿನ ಅಲೆಗೆ ಮೊರ ಅಲುಗಿತು, ಅದರ ಮುಂದಿನದಕ್ಕೆ ಎದ್ದು ತೇಲಿತು, ಹಿಂದಕ್ಕೆ ಹೋಗಿ ಮತ್ತೆ ಬಂಡೆಗೇ ಬಂದು ಬಡಿಯಿತು. "ತಗಳವ್ವಾ, ತಗಳವ್ವಾ" ಎಂದು ಬೋರೇಗೌಡ ಗೊಣಗುವುದು ಕೇಳಿಸುತ್ತಿತ್ತು. ಆಮೇಲೆ ದೊಡ್ಡ ಅಲೆಯೊಂದು ಸದ್ದಿಲ್ಲದೆ ಉಬ್ಬಿ ಬಂದು ಬಂಡೆಗಳನ್ನು ಪೂರ್ತಿ ಮುಳುಗಿಸಿತು. ಅದು ಹಿಂದೆ ಸರಿದಾಗ ಸಂದಿಯಲ್ಲಿ ಏನೂ ಇರಲಿಲ್ಲ. ಹತ್ತು ಮಾರು ಆಚೆ ಹಳದಿ ದಾರದ ಮೊರ ತಿರುಗುತ್ತಾ ತಿರುಗುತ್ತಾ ಹೋಗುತ್ತಿತ್ತು.

"ಜಯಾ! ಓಯ್ತು ಕಣೇ! ತಗಂಡ್ಲು ಕಣೇ ಜಯಾ!"

ಆ ವರೆಗೆ ಅವನು ಹೆಂಡತಿಯ ಹೆಸರು ಹಿಡಿದು ಕೂಗಿದ್ದನ್ನು ನಾನು ಕೇಳಿರಲಿಲ್ಲ. ಮನೆಯಲ್ಲಿ ಬರೀ "ಇವ್ಳೇ" ಎನ್ನುತ್ತಿದ್ದ. ಆ ಊರಿನ ಗಂಡಸರೆಲ್ಲ ಹಾಗೇ. ಗೋಡೆಯ ತುದಿಯಲ್ಲಿ ನಿಂತು, ಎರಡೂ ಕೈ ಎತ್ತಿ, ಘಟ್ಟದಾಚೆಯ ಕೊಪ್ಪಕ್ಕೇ ಕೇಳಿಸಬೇಕು ಎನ್ನುವಂತೆ ಕೂಗುತ್ತಿದ್ದ. ಬೋರೇಗೌಡ ಕಣ್ಣೊರೆಸಿಕೊಳ್ಳುತ್ತಾ ಕೆಟ್ಟ ಕೆಟ್ಟ ಮಾತಲ್ಲಿ ಅವನನ್ನು ಹೊಗಳಿದ.

ಆಗಲೇ ಇನ್ನೊಂದು ಅಲೆ ಗೋಡೆಗೆ ಅಪ್ಪಳಿಸಿ, ತುಂತುರು ಮೇಲಕ್ಕೆ ಎದ್ದು ಪುಟ್ಟಸ್ವಾಮಿಯ ಮುಖಕ್ಕೆ ಬಿತ್ತು.

ಅವನು ಕಲ್ಲಾಗಿ ನಿಂತ. ಗಡ್ಡದ ಮೇಲೆ ಹನಿಗಳು ಹೊಳೆಯುತ್ತಿದ್ದವು. ಕೈ ಎತ್ತಿ ಒರೆಸಿಕೊಳ್ಳಲೂ ಹೆದರಿ, ಕಣ್ಣು ಮಾತ್ರ ನನ್ನ ಕಡೆ ಹೊರಳಿಸಿದ. "ಮೇಷ್ಟ್ರೇ. ಸೋಕ್ತು."

"ಅದು ಸ್ನಾನ ಅಲ್ಲ ಕಣಯ್ಯ" ಎಂದೆ. "ನೀನು ನೀರಿಗೆ ಹೋಗಿಲ್ಲ. ಗಾಳಿ ತಂದದ್ದಕ್ಕೆ ದೋಷ ಇಲ್ಲ."

"ನಿಮ್ಮಪ್ಪಾರು ಯೋಳಿದ್ರಾ?"

"ಹೇಳಿದ್ದರು."

ನಮ್ಮಪ್ಪ ಅಂಥದ್ದೇನೂ ಹೇಳಿರಲಿಲ್ಲ. ಶಾಸ್ತ್ರದಲ್ಲಿ ಏನಿದೆಯೋ ನನಗೆ ಇಂದಿಗೂ ಗೊತ್ತಿಲ್ಲ. ಅವನು ಉಸಿರು ಬಿಟ್ಟ. ನಮಗೆ ಬೆನ್ನು ಮಾಡಿ ಆ ಕಡೆ ತಿರುಗಿ, ಟವಲ್ಲಿನಿಂದ ಬಹಳ ಹೊತ್ತು ಮುಖ ಒರೆಸಿಕೊಂಡ. ಲಾರಿಗೆ ತುಂಬಿದ್ದ ಮಾಲು ಒಣಮೀನು ಎಂದು ತಿಳಿದದ್ದು ಹತ್ತಿ ಕೂತ ಮೇಲೆ. ಗುತ್ತಲಿನ ಪುರೋಹಿತರ ಮಗ ಮಂಡ್ಯದವರೆಗೆ ಮೂಗಿಗೆ ಟವಲ್ಲು ಕಟ್ಟಿಕೊಂಡು ಬಂದ ಸುದ್ದಿಯನ್ನು ಬೋರೇಗೌಡ ಆಮೇಲೆ ಊರೂರಿಗೆ ಹಂಚಿದ.

ಬೇಸಿಗೆಯಲ್ಲಿ, ಆಲೆಮನೆಯ ಒಲೆ ಆರಿದ ಮೇಲೆ, ಜಯಮ್ಮ ಹೆತ್ತರು. ನಾನು ಜಗಲಿಯಲ್ಲಿ ಕೂತಿದ್ದೆ, ಪುಟ್ಟಸ್ವಾಮಿ ಅಂಗಳದಲ್ಲಿ ಸುತ್ತು ಹಾಕುತ್ತಿದ್ದ. ಒಳಗಿನಿಂದ ಅಳು ಕೇಳಿಸಿದಾಗ ಅವನು ನಿಂತಲ್ಲೇ ನೆಲಕ್ಕೆ ಕುಸಿದು ಕೂತ. ಹೆಣ್ಣುಮಗು. ಗಂಗಾ ಎಂದು ಹೆಸರಿಟ್ಟರು. ಗಡ್ಡ ತೆಗೆಸಿಕೊಂಡು ಬಂದ ದಿನ ನಾನು ಅವನನ್ನು ಯಾರೋ ನೆಂಟರೆಂದುಕೊಂಡು ಕೂತ್ಕೊಳ್ಳಿ ಅಂದೆ. ಮಳೆಗಾಲ ಶುರುವಾಗುವ ಹೊತ್ತಿಗೆ ಮಳವಳ್ಳಿಯ ವರ್ಗಾವಣೆ ಆದೇಶ ಬಂತು.

ಭಾಷೆ ಕೊಟ್ಟಿದ್ದೆವಲ್ಲ, ಅದು ನಡೆಯಲೇ ಇಲ್ಲ. ನಾನು ಮದುವೆಯಾದೆ, ಮಕ್ಕಳಾದವು, ರಾಮೇಶ್ವರ ನೋಡಿದೆ, ಮಂಗಳೂರು ನೋಡಿದೆ. ಸಿಕ್ಕಾಗಲೆಲ್ಲ ಪುಟ್ಟಸ್ವಾಮಿಯನ್ನು ಕರೆದೆ. ಈ ವರ್ಷ ಕಬ್ಬು ಕಟಾವಿದೆ ಎಂದ, ಮುಂದಿನ ವರ್ಷ ಎಮ್ಮೆ ಕರು ಹಾಕಿದೆ ಎಂದ, ಅದರ ಮುಂದಿನ ವರ್ಷ ಇನ್ನೊಂದು. ಬೋರೇಗೌಡ ಬಹಳ ಬೇಗ ಹೋಗಿಬಿಟ್ಟ. ಅವನ ಮಣ್ಣಿಗೆ ಹೋದ ದಿನ ಪುಟ್ಟಸ್ವಾಮಿ ನನ್ನ ಕೈ ಹಿಡಿದುಕೊಂಡು, "ಇನ್ನ ಇಬ್ರೇ ಆದ್ವಲ್ಲ ಮೇಷ್ಟ್ರೇ" ಎಂದ. ಆಗಲಾದರೂ ಹೋಗೋಣ ಅಂದೆ. ತಲೆ ಆಡಿಸಿದ, ಬರಲಿಲ್ಲ. ನನಗೆ ಕೋಪ ಬಂದು ಒಂದು ವರ್ಷ ಅವನ ಮನೆ ಕಡೆಗೆ ತಲೆ ಹಾಕಲಿಲ್ಲ.

ಹೋದ ತಿಂಗಳು ಬಸ್ಸಿಳಿದು ಹೋದಾಗ ಪುಟ್ಟಸ್ವಾಮಿ ಅದೇ ಜಗಲಿಯ ಮೇಲಿದ್ದ. ಮೊಣಕಾಲು ನೋವು, ದೊಣ್ಣೆ ಹಿಡಿದರೆ ಓಡಾಡುತ್ತಾನೆ. ಜಯಮ್ಮ ಒಳಗೆ ಕಾಫಿಗೆ ಇಟ್ಟರು. ಗಂಗಾ ಊರಿನ ಹಾಲಿನ ಡೈರಿ ನೋಡಿಕೊಳ್ಳುತ್ತಾಳೆ. ತಲೆಯಲ್ಲಿ ನಾಲ್ಕು ಬಿಳಿ ಕೂದಲು ಬಂದ ಗಟ್ಟಿ ಹೆಂಗಸು. ಗಂಡ, ಮಕ್ಕಳೊಂದಿಗೆ ಅದೇ ಮನೆಯಲ್ಲಿದ್ದಾಳೆ. ನಮ್ಮ ಹಳೆಯ ಕಥೆ ಅವಳಿಗೆ ಬಾಯಿಪಾಠ.

"ಮೇಷ್ಟ್ರು ಮಾವ, ನೀವಾರ ಯೋಳಿ. ಮನೇಲಿ ಕಾರದೆ. ನಾಳೆ ಓಗ್ಬುಟ್ಟು ನಾಡಿದ್ ಬರ್ಬೋದು. ನಮ್ಮಪ್ಪ ಮಾತ್ರ ಏಳಲ್ಲ ಅಂತದೆ" ಎಂದು ದೂರು ಹೇಳಿ, ಕ್ಯಾನು ಎತ್ತಿಕೊಂಡು ಅಂಗಳಕ್ಕೆ ಇಳಿದಳು.

ನಾನು ಅವನ ಕಡೆ ತಿರುಗಿದೆ. "ಈಗೇನಯ್ಯಾ ನೆಪ? ಕಬ್ಬಿಲ್ಲ, ಎಮ್ಮೆ ಇಲ್ಲ. ಆಸೆ ಹೋಯ್ತಾ?"

"ಆಸೆ ಎಲ್ಲೋದದು. ಸಂಜೆ ಸಂಜೆ ನಾಲೆ ಸೇತುವೆ ಮ್ಯಾಲೆ ಕೂತ್ಕತೀನಿ, ಕಣ್ಮುಚ್ಚುದ್ರೆ ಅದೇ ಸದ್ದು." ಒಳಗೆ ಜಯಮ್ಮನ ಪಾತ್ರೆಯ ಶಬ್ದ ಕೇಳಿಸುತ್ತಿತ್ತು. ಅವನು ಆ ಕಡೆ ನೋಡಿ, ಹತ್ತಿರ ಬಾ ಎಂದು ಕೈಸನ್ನೆ ಮಾಡಿದ. ನಾನು ಕುರ್ಚಿ ಎಳೆದುಕೊಂಡೆ.

"ಅವತ್ತು ಮಕದ್ ಮ್ಯಾಲೆ ನೀರ್ ಬಿತ್ತಲ್ಲ ಮೇಷ್ಟ್ರೇ, ಎಲ್ಲಾನೂ ಒರುಸ್ಕಳ್ಳಿಲ್ಲ ಕಣ್ರೀ ನಾನು. ತುಟಿ ಮ್ಯಾಲೆ ಒಂದ್ ಹನಿ ಇತ್ತು. ಆ ಕಡೆ ತಿರ್ಗಿ ನೆಕ್ಬುಟ್ಟೆ."

ನಾನು ಅವನ ಮುಖವನ್ನೇ ನೋಡುತ್ತಿದ್ದೆ.

"ಗಾಳಿ ತಂದುದ್ದು ದೋಸ ಅಲ್ಲ ಅಂದ್ರಿ, ಸರಿ. ಇದು ನಾನೇ ತಗಂಡದ್ದು. ತಡಿಯಕ್ಕಾಗ್ಲಿಲ್ಲ ಕಣ್ರೀ, ಚಿಕ್ಕಂದ್ನಿಂದ ಕಾದಿದ್ದೆ. ಆಮ್ಯಾಕೆ ಕೂಸು ಅಳೋಗಂಟ ನಾನ್ ಪಟ್ಟ ಪಾಡು ಆ ದ್ಯಾವ್ರಿಗೇ ಗೊತ್ತು. ರಾತ್ರಿ ಎದ್ದೆದ್ದು ಅವ್ಳ ಹೊಟ್ಟೆ ಮುಟ್ಟಿ ನೋಡ್ತಿದ್ದೆ. ಆ ತಾಯಿ ನೋಡೂ ನೋಡ್ದಂಗೆ ಬುಟ್ಬುಟ್ಲು. ಇನ್ನೊಂದ್ ದಪ ಅವ್ಳ ಎದ್ರು ಎಂಗ್ ನಿಂತ್ಕಳ್ಳಲಿ? ಅವತ್ತು ಕದ್ದು ನೆಕ್ಕಿದ್ದುಕ್ಕೆ ನಿನ್ನ ಕೂಸು ಎಲ್ಲಿ ಅಂತ ಕೇಳುದ್ರೆ?"

ಅವತ್ತು ನಾನು ಆ ನೀರಿನಲ್ಲಿ ಮುಳುಗಿ ಎದ್ದಿದ್ದೆ, ಹೊಟ್ಟೆ ತುಂಬ ಕುಡಿದೂ ಇದ್ದೆ. ಅದರ ರುಚಿ ಹೇಗಿತ್ತು ಎಂದು ಎಷ್ಟು ನೆನೆದರೂ ನಾಲಗೆಗೆ ಬರಲಿಲ್ಲ. "ಹೇಗಿತ್ತೋ?" ಎಂದು ಕೇಳಿದೆ.

ಅವನು ತುಟಿಯ ಮೇಲೆ ನಾಲಗೆ ಆಡಿಸಿ ಕಣ್ಣು ಮುಚ್ಚಿದ. ಲಾರಿಯ ಕಿಟಕಿಯಲ್ಲಿ ಕಂಡಿದ್ದ ಮುಖ, ಇಷ್ಟು ವರ್ಷ ನಾನು ಕಂಡ ಸಮುದ್ರಗಳ ಮುಂದೆಲ್ಲ ಹುಡುಕಿದ್ದ ಮುಖ, ಒಂದು ಗಳಿಗೆ ಅಲ್ಲಿ ಬಂದು ನಿಂತಿತು.

"ಏನಪ್ಪಾ ಅದು ಗುಟ್ಟು?" ಎಂದು ಗಂಗಾ ಅಂಗಳದಿಂದಲೇ ಕೂಗಿದಳು. ಎರಡು ಕೈಯಲ್ಲಿ ಎರಡು ಕ್ಯಾನು, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳು.

"ಏನಿಲ್ಲ ಕಣವ್ವ" ಎಂದು ಪುಟ್ಟಸ್ವಾಮಿ ಗಾಬರಿಯಿಂದ ಕಣ್ಣು ತೆರೆದ. ಜಯಮ್ಮ ಕಾಫಿ ತರುತ್ತಿರುವ ಹೆಜ್ಜೆ ಸದ್ದು ಕೇಳಿಸಿತು. ಅವನು ಆ ಹೆಜ್ಜೆಯ ಕಡೆ ಕಣ್ಣು ತೋರಿಸಿ, ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡು ಪಿಸುಗುಟ್ಟಿದ.

"ಅವ್ಳಿಗೆ ಮಾತ್ರ ಯೋಳ್ಬ್ಯಾಡಿ ಮೇಷ್ಟ್ರೇ. ಕೂಸ್ಗೆ ಏನಾದ್ರೂ ಆದಾತು ಅಂತ ಎದ್ರುಕತಾಳೆ."